ಸೊಂಟದ ಸುತ್ತಳತೆ

— ಓದಿದ್ರಾ ಡಾಕ್ಟ್ರೇ? ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಮುಂದೆ ಓದಬೇಕಾದ ಭಾಷಣ. ಹತ್ತು ನಿಮಿಷ ಕೊಟ್ಟಿದ್ದಾರೆ. ತಪ್ಪಿದ್ರೆ ತಿದ್ದಿಕೊಡಿ.

— ಓದಿದೆ ಮೇಷ್ಟ್ರೇ. ಮೊದಲನೇ ಪ್ಯಾರಾ ಹೊಡೆದುಹಾಕಿದ್ದೀನಿ, ನೋಡಿ. ‘ಬೊಜ್ಜಿಗೆ ಕಾರಣ ಎರಡೇ, ಬಾಯಿಚಪಲ ಮತ್ತು ಸೋಮಾರಿತನ’ ಅಂತ ಬರೆದಿದ್ದೀರಿ. ಆ ಸಾಲು ಮಕ್ಕಳ ಕಿವಿಗೆ ಬೀಳೋದು ನನಗೆ ಬೇಡ.

— ಯಾಕೆ? ತಿನ್ನೋದು ಹೆಚ್ಚು, ಖರ್ಚಾಗೋದು ಕಮ್ಮಿ, ಉಳಿದದ್ದು ಹೊಟ್ಟೆಗೆ ಸೇರುತ್ತೆ. ಇದರಲ್ಲಿ ಮುಚ್ಚುಮರೆ ಏನಿದೆ?

— ಲೆಕ್ಕ ಸರಿಯಾಗೇ ಇದೆ. ಖರ್ಚಿಗಿಂತ ಹೆಚ್ಚು ಒಳಗೆ ಹೋಗದೆ ಯಾರ ಮೈಯಲ್ಲೂ ಕೊಬ್ಬು ಸೇರಲ್ಲ. ಆದ್ರೆ ಸಾಲದಲ್ಲಿ ಮುಳುಗಿದ ರೈತನನ್ನ ನೋಡಿ ‘ಆದಾಯಕ್ಕಿಂತ ಖರ್ಚು ಜಾಸ್ತಿಯಾಯ್ತು, ಅದಕ್ಕೇ ಸಾಲ’ ಅಂದ್ರೆ ಆ ಮಾತೂ ನಿಜವೇ. ಮಳೆ, ಬೆಲೆ, ಬಡ್ಡಿ ಯಾವುದರ ಸುದ್ದಿಯೂ ಅದರಲ್ಲಿ ಇರಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. 2015–16ರಲ್ಲಿ ಕರ್ನಾಟಕದ ಗಂಡಸರಲ್ಲಿ ಹೆಚ್ಚು ತೂಕ ಅಥವಾ ಬೊಜ್ಜು ಇದ್ದವರು ನೂರಕ್ಕೆ ಸುಮಾರು 22. 2019–21ರ ಹೊತ್ತಿಗೆ ಸುಮಾರು 31. ಹೆಂಗಸರಲ್ಲಿ 23 ಇದ್ದದ್ದು 30 ಆಯ್ತು. ನಾಲ್ಕೈದು ವರ್ಷದಲ್ಲಿ ರಾಜ್ಯದ ಜನರೆಲ್ಲ ಸೋಮಾರಿಗಳಾಗಿಬಿಟ್ರು ಅಂತ ನೀವು ನಂಬ್ತೀರಾ?

— ನಂಬಲ್ಲ. ಆದ್ರೆ ಒಂದೇ ಮನೆಯಲ್ಲಿ ಒಂದೇ ಅಡುಗೆ ಉಂಡ ಅಣ್ಣ ತಮ್ಮಂದಿರಲ್ಲಿ ಒಬ್ಬ ಕಡ್ಡಿಯ ಹಾಗೆ, ಇನ್ನೊಬ್ಬ ದುಂಡಗೆ ಇರ್ತಾನಲ್ಲ, ಅದಕ್ಕೇನಂತೀರಿ?

— ಅದು ನಿಮ್ಮ ಮಾತಿಗಿಂತ ನನ್ನ ಮಾತಿಗೆ ಹತ್ತಿರ. ಅವಳಿಗಳ ಮೇಲೆ, ದತ್ತು ಹೋದ ಮಕ್ಕಳ ಮೇಲೆ ಬೇಕಾದಷ್ಟು ಅಧ್ಯಯನ ನಡೆದಿದೆ. ಜನರ ತೂಕದಲ್ಲಿ ಕಾಣೋ ವ್ಯತ್ಯಾಸದ ನೂರಕ್ಕೆ 40ರಿಂದ 70 ಭಾಗ ಹುಟ್ಟಿನಿಂದ ಬಂದದ್ದು ಅನ್ನೋದು ಅವುಗಳ ಲೆಕ್ಕ. ಹಸಿವು ಎಷ್ಟು ಜೋರಾಗಿ ಕಾಡುತ್ತೆ, ಹೊಟ್ಟೆ ತುಂಬಿತು ಅಂತ ಎಷ್ಟು ಬೇಗ ಗೊತ್ತಾಗುತ್ತೆ, ಎದುರಿಗಿರೋ ತಿಂಡಿಯನ್ನ ಬಿಟ್ಟು ಏಳೋಕೆ ಎಷ್ಟು ಕಷ್ಟ ಆಗುತ್ತೆ, ಇದೆಲ್ಲ ಒಬ್ಬೊಬ್ಬರಿಗೆ ಒಂದೊಂದು ಥರ. ಹಸಿವನ್ನ ನಾವು ಗುಣ ಅಂದುಕೊಂಡಿದ್ದೀವಿ. ಅದು ಮೈಯೊಳಗಿನ ಒಂದು ವ್ಯವಸ್ಥೆ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಅನ್ನೋ ಹಾರ್ಮೋನನ್ನ ಗುರುತಿಸಿತು. ಕೊಬ್ಬಿನ ಜೀವಕೋಶಗಳೇ ಅದನ್ನ ಸುರಿಸಿ ‘ದಾಸ್ತಾನು ಇಷ್ಟಿದೆ’ ಅಂತ ಮಿದುಳಿಗೆ ಹೇಳಿಕಳಿಸುತ್ತವೆ. ದಾಸ್ತಾನು ಕಮ್ಮಿಯಾದ್ರೆ ಮಿದುಳು ಹಸಿವನ್ನ ಏರಿಸುತ್ತೆ.

— ಅಂದ್ರೆ ಹಣೆಬರಹ ಅಂತ ಕೈಕಟ್ಟಿ ಕೂರೋದಾ? ಮಕ್ಕಳಿಗೆ ಹಾಗೆ ಹೇಳೋಕಾಗುತ್ತಾ?

— ಹುಟ್ಟುಗುಣ ಐದು ವರ್ಷದಲ್ಲಿ ಬದಲಾಗಲ್ಲ, ಆದ್ರೆ ಬೊಜ್ಜು ಏರಿತು. ಸುತ್ತಲಿನದು ಏನೋ ಬದಲಾಗಿರಲೇಬೇಕು. ಅದಕ್ಕೆ ಬರ್ತೀನಿ. ಅದಕ್ಕೂ ಮೊದಲು, ಹುಟ್ಟುಗುಣಕ್ಕೂ ಸುತ್ತಲಿನದಕ್ಕೂ ನಡುವಿನ ಒಂದು ಕಥೆ ಇದೆ. ನಮ್ಮ ಮೈಸೂರಿನದೇ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಗೊತ್ತಲ್ಲ?

— ಮಿಷನ್ ಆಸ್ಪತ್ರೆ. ನಮ್ಮ ತಾಯಿ ಹುಟ್ಟಿದ್ದು ಅಲ್ಲೇ.

— ಹಾಗಾದ್ರೆ ಅವರು ಹುಟ್ಟಿದಾಗಿನ ತೂಕವೂ ಅಲ್ಲಿನ ದಾಖಲೆಯಲ್ಲಿ ಇದ್ದರೆ ಇರಬಹುದು. 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಅಲ್ಲಿ ಬರೆದಿಟ್ಟಿದ್ದರು. ಆ ಕಾಲದ ದಾದಿಯರು ಮಾಡಿದ ಕೆಲಸ ಎಷ್ಟು ದೊಡ್ಡದು ಅಂತ ಅವರಿಗೇ ಗೊತ್ತಿರಲಿಲ್ಲ. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಅವರ ಜೊತೆಗಾರರು, ಇಲ್ಲಿನ ವೈದ್ಯರು ಸೇರಿ ಆ ಮಕ್ಕಳನ್ನ ಹುಡುಕಿದರು. ಮಕ್ಕಳು ಅಂದೆ, ಆ ಹೊತ್ತಿಗೆ ಅವರಿಗೆ ನಲವತ್ತು, ಐವತ್ತು, ಅರವತ್ತು. 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನ ಪರೀಕ್ಷೆ ಮಾಡಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಮ್ಮಿ ತೂಗಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ನೂರಕ್ಕೆ 11 ಜನಕ್ಕೆ. ಮೂರು ಕಿಲೋ ದಾಟಿ ಚೆನ್ನಾಗಿ ತೂಗಿದವರಲ್ಲಿ ಬರೀ 3. ತಾಯಿಯೂ ಸೊರಗಿದ್ದು ಮಗುವೂ ಸಣ್ಣಗಿದ್ದ ಕಡೆ ಅದು 20ಕ್ಕೆ ಹೋಗಿತ್ತು.

— ಸಣ್ಣಗೆ ಹುಟ್ಟಿದವರಿಗೆ ಹೆಚ್ಚಾ? ದಪ್ಪಗೆ ಇದ್ದವರಿಗಲ್ಲವಾ?

— ಎಲ್ಲರಿಗೂ ಆಶ್ಚರ್ಯ ಆದದ್ದು ಅಲ್ಲೇ. ಅದರ ಒಳಗುಟ್ಟು ಪುಣೆಯಲ್ಲಿ ಇನ್ನಷ್ಟು ಬಿಚ್ಚಿಕೊಂಡಿತು. ಚಿತ್ತರಂಜನ ಯಾಜ್ಞಿಕ್ ಅನ್ನೋ ವೈದ್ಯರು ಅಲ್ಲಿನ ಹಳ್ಳಿಗಳ ನವಜಾತ ಶಿಶುಗಳನ್ನ ಸೌತಾಂಪ್ಟನ್ನಿನ ಶಿಶುಗಳ ಜೊತೆ ಹೋಲಿಸಿದರು. ಸೌತಾಂಪ್ಟನ್ನಿನಲ್ಲಿ ಸರಾಸರಿ ಮೂರೂವರೆ ಕಿಲೋ, ಪುಣೆಯ ಹಳ್ಳಿಗಳಲ್ಲಿ 2.7. ನಮ್ಮ ಶಿಶುಗಳಲ್ಲಿ ಸ್ನಾಯು ಕಮ್ಮಿ, ಹೊಟ್ಟೆಯ ಅಂಗಗಳು ಚಿಕ್ಕವು. ಆದ್ರೆ ಬೆನ್ನಿನ ಚರ್ಮವನ್ನ ಚಿವುಟಿ ಅಳೆದರೆ ಕೊಬ್ಬು ಅಷ್ಟಾಗಿ ಕಮ್ಮಿಯಾಗಿರಲಿಲ್ಲ. ತಾಯಿಯ ಹೊಟ್ಟೆಯಲ್ಲೇ ಊಟ ಸಾಲದಾದಾಗ ಆ ಮೈ ಸ್ನಾಯುವನ್ನ ಬಿಟ್ಟುಕೊಟ್ಟು ಕೊಬ್ಬನ್ನ ಉಳಿಸಿಕೊಂಡಿತ್ತು. 2004ರಲ್ಲಿ ಯಾಜ್ಞಿಕ್ ಮತ್ತು ಲಂಡನ್ನಿನ ಅವರ ಸ್ನೇಹಿತ ಯುಡ್ಕಿನ್ ಇಬ್ಬರೂ ತಮ್ಮದೇ ಫೋಟೊ ಲ್ಯಾನ್ಸೆಟ್‌ನಲ್ಲಿ ಹಾಕಿದರು. ನೋಡೋಕೆ ಇಬ್ಬರೂ ಸಣ್ಣಗೇ ಇದ್ದಾರೆ. ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರಲ್ಲಿ 21.2.

— ಬಿಎಂಐ ಅಂದ್ರೆ ಕಿಲೋ ತೂಕವನ್ನ ಮೀಟರ್ ಎತ್ತರದ ವರ್ಗದಿಂದ ಭಾಗಿಸೋದು ತಾನೇ? ಅದು 25 ದಾಟಬಾರದು ಅಂತ ನಾನು ಭಾಷಣದಲ್ಲಿ ಬರೆದಿದ್ದೀನಿ.

— ಅದನ್ನೂ ತಿದ್ದಿದ್ದೀನಿ. ನಮ್ಮ ಜನಕ್ಕೆ 23 ದಾಟಿದರೇ ಹುಷಾರಾಗಬೇಕು. 25 ಅಂದ್ರೆ ಬೊಜ್ಜು ಅಂತಲೇ ಇಲ್ಲಿನ ವೈದ್ಯರು ಲೆಕ್ಕ ಹಾಕೋದು. ಅದೂ ವಯಸ್ಕರಿಗೆ. ಮಕ್ಕಳಿಗೆ ವಯಸ್ಸು ನೋಡಿ ಬೇರೆ ಪಟ್ಟಿ ಇದೆ, ದಯವಿಟ್ಟು ಅಸೆಂಬ್ಲಿಯಲ್ಲಿ ನಿಲ್ಲಿಸಿ ಮಕ್ಕಳ ತೂಕ ಓದಬೇಡಿ. ಇಲ್ಲಿ ಇನ್ನೊಂದು ವಿಷಯ ಇದೆ. ಚರ್ಮದ ಕೆಳಗೆ, ತೊಡೆಯಲ್ಲಿ, ಪೃಷ್ಠದಲ್ಲಿ ಸೇರೋ ಕೊಬ್ಬು ಅಷ್ಟು ಕಾಟ ಕೊಡಲ್ಲ. ಆ ಜಾಗಗಳು ಭರ್ತಿಯಾದ ಮೇಲೆ ಮಿಕ್ಕಿದ್ದು ಹೊಟ್ಟೆಯ ಒಳಗೆ ಕರುಳಿನ ಸುತ್ತ, ಯಕೃತ್ತಿನ ಒಳಗೆ ಹೋಗಿ ಕೂರುತ್ತೆ. ನಮ್ಮಲ್ಲಿ ಅದು ಬೇಗ ಆಗುತ್ತೆ. ಯಕೃತ್ತಿನಲ್ಲಿ ಕೊಬ್ಬು ತುಂಬಿದರೆ ಇನ್ಸುಲಿನ್ ಹೇಳಿದ ಮಾತನ್ನ ಅದು ಕೇಳಲ್ಲ, ರಾತ್ರಿಯಿಡೀ ಸಕ್ಕರೆಯನ್ನ ರಕ್ತಕ್ಕೆ ಬಿಡ್ತಾನೇ ಇರುತ್ತೆ. ಇನ್ನೊಂದು ಕಡೆ, ಊಟ ಆದ ಮೇಲೆ ರಕ್ತದಲ್ಲಿನ ಸಕ್ಕರೆಯನ್ನ ಹೀರಿಕೊಳ್ಳಬೇಕಾದ್ದು ಸ್ನಾಯು. ಅದೇ ನಮ್ಮಲ್ಲಿ ಕಮ್ಮಿ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ಅಂಥವರು ನಿಮ್ಮ ಸ್ಟಾಫ್ ರೂಮಿನಲ್ಲಿ ಎಷ್ಟು ಜನ ಇದ್ದಾರೆ?

— ಅರ್ಧಕ್ಕರ್ಧ. ಅವರು ಯಾರೂ ತಮ್ಮನ್ನ ದಪ್ಪ ಅಂದುಕೊಂಡಿಲ್ಲ.

— ಅಂದುಕೊಳ್ಳಲ್ಲ. ‘ನನ್ನ ಪ್ಯಾಂಟಿನ ಸೈಜು ಮದುವೆ ಆದಾಗಿನಿಂದ ಮೂವತ್ನಾಲ್ಕೇ’ ಅಂತ ಹೇಳ್ತಾರೆ. ಪ್ಯಾಂಟನ್ನ ಹೊಟ್ಟೆಯ ಕೆಳಗೆ ಇಳಿಸಿ ಬೆಲ್ಟ್ ಕಟ್ಟಿಕೊಂಡಿರ್ತಾರೆ. ಅಲ್ಲಿ ಮೂವತ್ನಾಲ್ಕೇ ಇರುತ್ತೆ. ನಾನು ದರ್ಜಿ ಟೇಪು ತಗೊಂಡು ಅಂಗಿ ಎತ್ತಿಸಿ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಎರಡರ ನಡುವೆ ಅಳೀತೀನಿ. ಉಸಿರು ಸಹಜವಾಗಿ ಬಿಟ್ಟ ಮೇಲೆ. ಹೊಟ್ಟೆ ಒಳಗೆಳೆದುಕೊಂಡು ನಿಲ್ಲೋರೇ ಹೆಚ್ಚು, ಮಾತಾಡಿಸ್ತಾ ಅಳೆಯಬೇಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದರ ಒಳಗಿರಬೇಕು. ಇನ್ನೂ ಸುಲಭದ್ದು ಬೇಕಾದ್ರೆ, ಎತ್ತರದ ಅರ್ಧಕ್ಕಿಂತ ಸೊಂಟ ಕಮ್ಮಿ ಇರಲಿ. ತೂಕದ ಯಂತ್ರಕ್ಕೆ ದುಡ್ಡು ಹಾಕೋದಕ್ಕಿಂತ ಮನೆಯಲ್ಲಿ ಒಂದು ಟೇಪು ಇಟ್ಟುಕೊಳ್ಳೋದು ಒಳ್ಳೇದು.

— ಸರಿ, ಮೈ ಹೀಗಿದೆ ಅಂತಾಯ್ತು. ಆದ್ರೆ ನಮ್ಮ ಅಜ್ಜನ ಮೈಯೂ ಹೀಗೇ ಇತ್ತಲ್ಲ? ಅವರಿಗೆ ಹೊಟ್ಟೆ ಬರಲಿಲ್ಲ.

— ಅವರ ದಿನ ಬೇರೆ ಇತ್ತು. ಕಮ್ಮಿ ಊಟಕ್ಕೆ ತಯಾರಾದ ಮೈ ಕಮ್ಮಿ ಊಟದಲ್ಲೇ, ದುಡಿಮೆಯಲ್ಲೇ ಬದುಕಿದರೆ ಅಷ್ಟು ತೊಂದರೆ ಆಗಲ್ಲ. ಅದೇ ಮೈ ಒಂದೇ ತಲೆಮಾರಿನಲ್ಲಿ ಕುರ್ಚಿ, ಸ್ಕೂಟರ್, ಕರಿದ ತಿಂಡಿಯ ನಡುವೆ ಬಂದು ಬೀಳ್ತಲ್ಲ, ಕಷ್ಟ ಅಲ್ಲಿಂದ ಶುರು. ನಿಮ್ಮ ನಿನ್ನೆಯ ದಿನ ಹೇಳಿ ನೋಡೋಣ, ಬೆಳಿಗ್ಗೆಯಿಂದ.

— ಬೆಳಿಗ್ಗೆ ಕಾಫಿ. ಉಪ್ಪಿಟ್ಟು. ಹನ್ನೊಂದಕ್ಕೆ ಟೀ, ಎರಡು ಬಿಸ್ಕತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ. ಸಂಜೆ ಟೀ, ಮೂಲೆ ಅಂಗಡಿಯ ಬಜ್ಜಿ. ರಾತ್ರಿ ಅನ್ನ ಸಾರು, ಅನ್ನ ಮಜ್ಜಿಗೆ, ಹಪ್ಪಳ.

— ಹೊಟ್ಟೆಬಾಕನ ಪಟ್ಟಿ ಅಲ್ಲ ಇದು, ಸಜ್ಜನ ಮನುಷ್ಯನ ಪಟ್ಟಿ. ಆದ್ರೆ ರವೆ, ಮೈದಾ, ಅಕ್ಕಿ, ಅಕ್ಕಿ, ಅಕ್ಕಿ. ಐಸಿಎಂಆರ್ ನಡೆಸಿದ ದೊಡ್ಡ ಅಧ್ಯಯನ 2025ರಲ್ಲಿ ಹೇಳಿದ್ದೂ ಇದೇ: ಭಾರತೀಯರ ಊಟದ ಶಕ್ತಿಯಲ್ಲಿ ನೂರಕ್ಕೆ 62 ಪಿಷ್ಟ ಮತ್ತು ಸಕ್ಕರೆಯಿಂದ. ನಿಮ್ಮ ದಿನದಲ್ಲಿ ಬೇಳೆ ಎಲ್ಲಿದೆ? ಸಾರಿನ ಮೇಲೆ ತೇಲ್ತಾ ಇದೆ. ತರಕಾರಿ? ಚಿತ್ರಾನ್ನದ ಈರುಳ್ಳಿ. ಸ್ನಾಯು ಕಟ್ಟೋ ಪ್ರೋಟೀನು ಇಲ್ಲ, ಹೊಟ್ಟೆ ತುಂಬಿಸಿ ನಿಲ್ಲಿಸೋ ನಾರು ಇಲ್ಲ, ಅದಕ್ಕೇ ಹನ್ನೊಂದಕ್ಕೆ ಬಿಸ್ಕತ್ತು ಕರೆಯುತ್ತೆ, ಐದಕ್ಕೆ ಬಜ್ಜಿ ಕರೆಯುತ್ತೆ. ಬಾಯಿಚಪಲ ಅಂತ ಬೈದುಕೊಂಡು ಹೋಗಿ ತಿಂದು ಬರ್ತೀರಿ.

— ಮುದ್ದೆಗೆ ಬದಲಾಯಿಸಿಬಿಡ್ಲಾ?

— ರಾಗಿಯಲ್ಲಿ ನಾರಿದೆ, ಸುಣ್ಣದ ಅಂಶ ಇದೆ, ಬಹಳ ಒಳ್ಳೇದು. ಆದ್ರೆ ಅದೂ ಪಿಷ್ಟವೇ. ಉಳುಮೆ ಮಾಡೋನ ಎರಡು ಮುದ್ದೆಯನ್ನ ಕುರ್ಚಿಯ ಮೇಲೆ ಕೂರೋನು ತಿಂದರೆ ಸಣ್ಣ ಆಗಲ್ಲ. ಮುದ್ದೆ ಅರ್ಧ ಮಾಡಿ, ಜೊತೆಗೆ ಬಸ್ಸಾರಿನ ಕಾಳು–ಸೊಪ್ಪಿನ ಪಲ್ಯ ಎರಡು ಪಟ್ಟು ಮಾಡಿ. ಹುರುಳಿ, ಹೆಸರು, ಅಲಸಂದೆ, ಅವರೆ, ನಮ್ಮ ಸೀಮೆಯ ಅಡುಗೆಯಲ್ಲಿ ಕಾಳಿಗೆ ಏನು ಬರ ಇತ್ತಾ? ಮೊಟ್ಟೆ ತಿನ್ನೋ ಮನೆಯಾದ್ರೆ ಮೊಟ್ಟೆ. ಜನ ಬೆಳಿಗ್ಗೆ ಎದ್ದು ಬಿಸಿನೀರಿಗೆ ಜೇನುತುಪ್ಪ, ನಿಂಬೆಹಣ್ಣು ಹಾಕಿಕೊಂಡು ಕುಡಿದು ಕೊಬ್ಬು ಕರಗುತ್ತೆ ಅಂತ ನಂಬಿದ್ದಾರೆ. ಜೇನೂ ಸಕ್ಕರೆಯೇ ಮೇಷ್ಟ್ರೇ. ಆ ಚಮಚ ಬಿಟ್ಟು, ಆ ದುಡ್ಡಿಗೆ ಹೆಸರುಕಾಳು ತಂದು ಮೊಳಕೆ ಕಟ್ಟಿದರೆ ಸಾಕು.

— ಎಣ್ಣೆ? ಪ್ರಧಾನಿಗಳೂ ಹೇಳಿದ್ರಲ್ಲ, ಎಣ್ಣೆ ನೂರಕ್ಕೆ ಹತ್ತು ಕಮ್ಮಿ ಮಾಡಿ ಅಂತ.

— 2025ರ ಫೆಬ್ರವರಿಯ ಮನ್ ಕಿ ಬಾತ್‌ನಲ್ಲಿ. ಸರಿಯಾದ ಮಾತು. 2001ರಲ್ಲಿ ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 8 ಕಿಲೋ ಅಡುಗೆ ಎಣ್ಣೆ ಬರ್ತಿತ್ತು. ನೀತಿ ಆಯೋಗದ ಇತ್ತೀಚಿನ ಲೆಕ್ಕದಲ್ಲಿ ಅದು 19.7. ಇಪ್ಪತ್ತೇ ವರ್ಷದ ಅಂತರ. ಪಾಮ್ ಎಣ್ಣೆ ಅಗ್ಗವಾಗಿ ಹೊರಗಿನಿಂದ ಬಂತು, ಪ್ಯಾಕೆಟ್ಟಿನೊಳಗೆ, ಬೇಕರಿಯೊಳಗೆ, ಬಾಣಲೆಯೊಳಗೆ ಸೇರಿಕೊಂಡಿತು. ಎಣ್ಣೆಯ ಒಂದು ಗ್ರಾಮಿನಲ್ಲಿ 9 ಕ್ಯಾಲರಿ, ಪಿಷ್ಟದ್ದರಲ್ಲಿ 4. ನಿಮ್ಮ ಮನೆಯಲ್ಲಿ ನಾಲ್ಕು ಜನ. ತಲೆಗೆ ದಿನಕ್ಕೆ 25 ಗ್ರಾಂ ಅಂದ್ರೆ ತಿಂಗಳಿಗೆ 3 ಕಿಲೋ ಸಾಕು. ದಿನಸಿ ಚೀಟಿ ತೆಗೆದು ನೋಡಿ ಎಷ್ಟು ಬರೆಸ್ತೀರಿ ಅಂತ.

— ಐದು ಲೀಟರಿನ ಕ್ಯಾನು. ಆಫರ್ ಇರುತ್ತೆ.

— ಕ್ಯಾನಿನಿಂದ ಸೀದಾ ಬಾಣಲೆಗೆ ಬಗ್ಗಿಸೋರ ಕೈಗೆ ಅಳತೆ ಸಿಗಲ್ಲ. ಮೂರು ಕಿಲೋ ಮಾತ್ರ ತನ್ನಿ, ದಿನದ ಪಾಲನ್ನ ಬೆಳಿಗ್ಗೆಯೇ ಒಂದು ಬಟ್ಟಲಿಗೆ ತೆಗೆದಿಡಿ. ಇದನ್ನ ನಾನು ಹೇಳೋದು ಅಡುಗೆ ಮಾಡೋರಿಗೆ ಮಾತ್ರ ಅಲ್ಲ, ದಿನಸಿ ತರೋರಿಗೂ.

— ನನ್ನ ಹೆಂಡತಿ ನಿಮ್ಮ ಹತ್ತಿರ ಬಂದಾಗ ಏನು ಹೇಳಿದ್ರಿ? ಮನೆಗೆ ಬಂದು ಅತ್ತಳು. ‘ನಾನು ತಿನ್ನೋದೇ ಒಂದು ಹೊತ್ತು, ಆದ್ರೂ ತೂಕ ಏರ್ತಿದೆ’ ಅಂತ.

— ಅವರ ವಿಷಯ ಅವರೇ ಹೇಳಲಿ. ಅದೇ ಮಾತನ್ನ ಹೇಳೋ ನೂರಾರು ಹೆಂಗಸರನ್ನ ನೋಡಿದ್ದೀನಿ, ಯಾರೂ ಸುಳ್ಳು ಹೇಳ್ತಿರಲಿಲ್ಲ. ತಟ್ಟೆ ಹಾಕಿಕೊಂಡು ಕೂತು ತಿನ್ನೋದು ಅವರಿಗೆ ಒಂದೇ ಹೊತ್ತು. ಮಗು ಬಿಟ್ಟ ಎರಡು ಇಡ್ಲಿ, ಗಂಡನ ಡಬ್ಬಿಯಲ್ಲಿ ವಾಪಸ್ ಬಂದ ಪಲಾವು, ಪಾತ್ರೆಯ ತಳದ ಅನ್ನ, ಇದೆಲ್ಲ ನಿಂತುಕೊಂಡೇ ಒಲೆಯ ಪಕ್ಕ ಒಳಗೆ ಹೋಗುತ್ತೆ. ಚೆಲ್ಲೋಕೆ ಮನಸ್ಸು ಬರಲ್ಲ. ಅದಕ್ಕೆ ಊಟ ಅನ್ನೋ ಹೆಸರಿಲ್ಲ, ಲೆಕ್ಕವೂ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದೂವರೆಗೆ ಮಲಗ್ತಾರೆ. ನಿದ್ದೆ ಕಮ್ಮಿಯಾದ್ರೆ ಗ್ರೆಲಿನ್ ಅನ್ನೋ ಹಸಿವಿನ ಹಾರ್ಮೋನು ಏರುತ್ತೆ, ಸಿಹಿ, ಕರಿದದ್ದು ಬೇಕು ಅನ್ನಿಸುತ್ತೆ. ಬಾಣಂತನದಲ್ಲಿ ತುಪ್ಪ, ಅಂಟಿನುಂಡೆ, ಮೂರು ತಿಂಗಳು ಹಾಸಿಗೆ. ಗದ್ದೆ ಕೆಲಸಕ್ಕೆ ವಾಪಸ್ ಹೋಗೋ ಹೆಂಗಸಿಗೆ ಅದು ಆರೈಕೆ. ಮೂರನೇ ಮಹಡಿಯ ಫ್ಲಾಟಿಗೆ ವಾಪಸ್ ಹೋಗೋಳಿಗೆ ಒಂದೊಂದು ಹೆರಿಗೆಗೂ ಐದಾರು ಕಿಲೋ ಹಾಗೇ ನಿಂತುಬಿಡುತ್ತೆ. ಇದರ ಜೊತೆಗೆ ಪಿಸಿಒಎಸ್, ಥೈರಾಯ್ಡ್, ಕೆಲವರಿಗೆ ಸ್ಟೀರಾಯ್ಡ್ ಅಥವಾ ಮಾನಸಿಕ ಕಾಯಿಲೆಯ ಮಾತ್ರೆ, ಅವೂ ತೂಕ ಏರಿಸ್ತವೆ. ಇಂಥವರಿಗೆ ನಿಮ್ಮ ಭಾಷಣದ ಮೊದಲ ಪ್ಯಾರಾ ಓದಿ ಹೇಳಿದರೆ ಅವರು ಇನ್ನೊಂದು ಸಲ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ.

— ಆದ್ರೂ ಮನಸ್ಸು ಗಟ್ಟಿ ಮಾಡಿ ಇಳಿಸಿದವರು ಇದ್ದಾರೆ. ನಮ್ಮ ಸಹೋದ್ಯೋಗಿಯೊಬ್ಬರು ನಾಲ್ಕು ತಿಂಗಳು ರಾತ್ರಿ ಊಟ ಬಿಟ್ಟು ಹನ್ನೆರಡು ಕಿಲೋ ಇಳಿಸಿದ್ರು.

— ಈಗ?

— ಈಗ ಮೊದಲಿಗಿಂತ ಹೆಚ್ಚಿದ್ದಾರೆ.

— ಅವರ ಮನಸ್ಸು ಸಡಿಲ ಆಯ್ತು ಅಂತ ಎಲ್ಲರೂ ಅಂದಿರ್ತೀರಿ. ಆಸ್ಟ್ರೇಲಿಯಾದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಹತ್ತು ವಾರ ಬಹಳ ಕಮ್ಮಿ ಊಟ ಕೊಟ್ಟು ತೂಕ ಇಳಿಸಿ, ಒಂದು ವರ್ಷ ಬಿಟ್ಟು ಮತ್ತೆ ಅವರ ರಕ್ತ ಪರೀಕ್ಷೆ ಮಾಡಿದರು. ವರ್ಷ ಕಳೆದರೂ ಹಸಿವು ಏರಿಸೋ ಹಾರ್ಮೋನುಗಳು ಏರಿಯೇ ಇದ್ದವು, ತೃಪ್ತಿ ಕೊಡೋವು ಇಳಿದೇ ಇದ್ದವು. ಮೈ ಇಳಿದ ತೂಕವನ್ನ ಬರಗಾಲ ಅಂದುಕೊಳ್ಳುತ್ತೆ, ಕೂತಾಗ ಖರ್ಚು ಮಾಡೋದನ್ನೂ ಕಮ್ಮಿ ಮಾಡುತ್ತೆ. ನಿಮ್ಮ ಸಹೋದ್ಯೋಗಿ ಒಂದು ವರ್ಷ ಆ ಹಸಿವಿನ ಜೊತೆ ಒಬ್ಬರೇ ಗುದ್ದಾಡಿದ್ದಾರೆ. ಅವರಿಗೆ ಬೇಕಾಗಿದ್ದದ್ದು ಉಪವಾಸ ಅಲ್ಲ, ವರ್ಷಗಟ್ಟಲೆ ಬಿಡದೆ ಮಾಡೋಕಾಗೋ ಊಟ ಮತ್ತು ಮನೆಯವರ ಸಹಕಾರ. ನೂರಕ್ಕೆ ಐದರಿಂದ ಹತ್ತು ಭಾಗ ತೂಕ ಇಳಿದರೇ ರಕ್ತದೊತ್ತಡ, ಸಕ್ಕರೆ, ಯಕೃತ್ತಿನ ಕೊಬ್ಬು ಚೆನ್ನಾಗಿ ಇಳೀತವೆ. ಎಂಬತ್ತು ಕಿಲೋದವರಿಗೆ ನಾಲ್ಕರಿಂದ ಎಂಟು ಕಿಲೋ. ಹನ್ನೆರಡರ ಆಸೆ ಯಾಕೆ ಬೇಕಿತ್ತು?

— ವಾಕಿಂಗ್ ಮಾಡಿದ್ರೆ? ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗಿನ ಜಾವ ಜಾತ್ರೆ. ಅಲ್ಲೂ ಹೊಟ್ಟೆ ಇಳಿದವರು ಕಮ್ಮಿ.

— ಅರ್ಧ ಗಂಟೆ ನಡೆದರೆ ಖರ್ಚಾಗೋದು ನೂರೈವತ್ತು ಕ್ಯಾಲರಿ ಒಳಗೆ. ವಾಪಸ್ ಬರ್ತಾ ಒಂದು ಮಸಾಲೆ ದೋಸೆ ತಿಂದರೆ ಅದರ ಎರಡು ಪಟ್ಟು ಒಳಗೆ ಬಂತು. ಬರೀ ನಡಿಗೆಯಿಂದ ತೂಕ ಇಳಿಯೋದು ಕಷ್ಟ. ಹಾಗಂತ ನಡಿಗೆ ದಂಡ ಅಂತ ಮಾತ್ರ ಯಾರಿಗೂ ಹೇಳಬೇಡಿ. ಚೆನ್ನೈನಲ್ಲಿ ಡಾ. ರಾಮಚಂದ್ರನ್ ಅವರ ತಂಡ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಐನೂರಕ್ಕೂ ಹೆಚ್ಚು ಜನರನ್ನ ಸುಮಾರು ಮೂರು ವರ್ಷ ನೋಡಿಕೊಂಡಿತು. ಊಟ ತಿದ್ದಿ, ನಡೆಸಿದವರಲ್ಲಿ ಸಕ್ಕರೆ ಕಾಯಿಲೆ ಬರೋ ಸಾಧ್ಯತೆ ನೂರಕ್ಕೆ 28.5ರಷ್ಟು ಇಳಿಯಿತು. 2006ರಲ್ಲಿ ಪ್ರಕಟ ಆಯ್ತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ.

— ತೂಕ ಇಳಿಯದೆಯೇ?

— ಇಳಿಯದೆಯೇ. ಅದಕ್ಕೇ ತೂಕದ ಯಂತ್ರ ಒಂದನ್ನೇ ನಂಬಿ ‘ಏನೂ ಪ್ರಯೋಜನ ಇಲ್ಲ’ ಅಂತ ಬಿಟ್ಟುಬಿಡೋರನ್ನ ನೋಡಿದರೆ ನನಗೆ ಸಂಕಟ ಆಗುತ್ತೆ. ಒಳಗೆ ಸ್ನಾಯು ಕೆಲಸ ಕಲೀತಿರುತ್ತೆ. ನಡಿಗೆಯ ಜೊತೆ ವಾರದಲ್ಲಿ ಎರಡು ದಿನ ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ನೀರಿನ ಕೊಡ ಎತ್ತಿಳಿಸೋದು, ಏನಾದ್ರೂ ಸ್ನಾಯುವಿಗೆ ಭಾರ ಬೀಳಬೇಕು. ನಲವತ್ತು ದಾಟಿದ ಹೆಂಗಸರಿಗಂತೂ ಇದು ಔಷಧಿ.

— ಈಗ ಇಂಜೆಕ್ಷನ್ ಬಂದಿದೆಯಂತಲ್ಲ, ವಾರಕ್ಕೊಂದು?

— ಟಿರ್ಜೆಪಟೈಡ್, ಸೆಮಾಗ್ಲುಟೈಡ್. 2025ರಲ್ಲಿ ತೂಕ ಇಳಿಸೋಕೆ ಅಂತ ಭಾರತದ ಮಾರುಕಟ್ಟೆಗೆ ಬಂದವು. ಕೆಲಸ ಮಾಡ್ತವೆ, ಸೆಮಾಗ್ಲುಟೈಡ್ ಪರೀಕ್ಷೆಯಲ್ಲಿ 68 ವಾರಕ್ಕೆ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿದಿತ್ತು. ನಿಲ್ಲಿಸಿದ ಮೇಲೆ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ವಾಪಸ್ ಬಂತು. ಬೊಜ್ಜಿನಿಂದ ನಿಜವಾಗಿ ಕಷ್ಟದಲ್ಲಿರೋರಿಗೆ ಕೊಡೋಕೆ ನನಗೆ ಹಿಂಜರಿಕೆ ಇಲ್ಲ, ಬಹಳ ಹೆಚ್ಚಿದ್ದರೆ ಶಸ್ತ್ರಚಿಕಿತ್ಸೆಗೂ ಕಳಿಸ್ತೀನಿ. ಮದುವೆ ಸೀರೆ ಚೆನ್ನಾಗಿ ಕಾಣಲಿ ಅಂತ ಅಂಗಡಿಯಿಂದ ತಾವೇ ತಂದು ಚುಚ್ಚಿಕೊಳ್ಳೋರಿಗೆ ಕೊಡಲ್ಲ.

— ಮಕ್ಕಳ ವಿಷಯಕ್ಕೆ ಬನ್ನಿ. ನನಗೆ ಬೇಕಾದ್ದು ಅದು.

— ಒಂದು ಹುಡುಗಿಯ ಬಗ್ಗೆ ಹೇಳ್ತೀನಿ. ಒಂಬತ್ತನೇ ತರಗತಿ. ತಾಯಿ ಕರೆತಂದದ್ದು ಕತ್ತಿನ ಹಿಂದಿನ ಕಪ್ಪು ಪಟ್ಟಿಗೆ. ಕೊಳೆ ಅಂತ ತಿಳಿದು ಕಡಲೆಹಿಟ್ಟು, ನಿಂಬೆಹೋಳು ಹಾಕಿ ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು. ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪ. ಅದು ಕೊಳೆ ಅಲ್ಲ ಮೇಷ್ಟ್ರೇ, ಒಳಗೆ ಇನ್ಸುಲಿನ್ ಏರಿದೆ ಅನ್ನೋದಕ್ಕೆ ಚರ್ಮ ಕೊಡೋ ಸೂಚನೆ. ಹುಡುಗಿ ತಲೆ ಎತ್ತಲೇ ಇಲ್ಲ. ಕೊನೆಗೆ ಮೆಲ್ಲಗೆ ಹೇಳಿದಳು, ಕ್ಲಾಸಿನಲ್ಲಿ ಅವಳನ್ನ ‘ಡುಮ್ಮಿ’ ಅಂತಾರೆ, ಆಟಕ್ಕೆ ಸೇರಿಸಿಕೊಳ್ಳಲ್ಲ. ಆಟ ಇಲ್ಲದೆ ಲೈಬ್ರರಿಯಲ್ಲಿ ಕೂರ್ತಾಳೆ, ಸಂಜೆ ಗೇಟಿನ ಹತ್ತಿರ ಐದು ರೂಪಾಯಿಯ ಪ್ಯಾಕೆಟ್ ತಗೊಂಡು ಮನೆಗೆ ಹೋಗ್ತಾಳೆ. ಹೀಯಾಳಿಸಿದರೆ ಮಕ್ಕಳು ಸಣ್ಣ ಆಗಲ್ಲ, ಬಚ್ಚಿಟ್ಟುಕೊಂಡು ತಿನ್ನೋದನ್ನ ಕಲೀತಾರೆ. ನಿಮ್ಮ ಭಾಷಣವನ್ನ ಮಕ್ಕಳಿಗೆ ಓದೋದಕ್ಕಿಂತ ಪೋಷಕರ ಸಭೆಯಲ್ಲಿ ಓದಿ. ದಿನಸಿ ತರೋರು ಅವರು, ಡಬ್ಬಿ ಕಟ್ಟೋರು ಅವರು, ಡುಮ್ಮಿ ಅಂತ ಮೊದಲು ಕರೆದೋರೂ ಅವರೇ ಇರಬಹುದು.

— ಗೇಟಿನ ಅಂಗಡಿಯವರಿಗೂ ಬದುಕಿದೆಯಲ್ಲ ಡಾಕ್ಟ್ರೇ.

— ಇದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಶಾಲೆಯ ಆವರಣದಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರೋ ತಿಂಡಿ ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೇ ಇದೆ. ನಿಮ್ಮ ಗೇಟಿನಿಂದ ಐವತ್ತು ಮೀಟರ್ ನಡೆದು ನೋಡಿ. ಆ ಪ್ಯಾಕೆಟ್‌ಗಳ ಗುಣ ಎಂಥದ್ದು ಅಂತ 2019ರಲ್ಲಿ ಅಮೆರಿಕದಲ್ಲಿ ಕೆವಿನ್ ಹಾಲ್ ಅನ್ನೋರು ತೋರಿಸಿದರು. ಇಪ್ಪತ್ತು ಜನರನ್ನ ಆಸ್ಪತ್ರೆಯಲ್ಲೇ ಇರಿಸಿ ಎರಡು ವಾರ ಕಾರ್ಖಾನೆ ತಿಂಡಿ, ಎರಡು ವಾರ ಮಾಮೂಲಿ ಅಡುಗೆ ಕೊಟ್ಟರು. ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ ಮಾಡಿ ಬಡಿಸಿದ್ದರು, ಬೇಕಾದಷ್ಟು ತಿನ್ನಿ ಅಂದಿದ್ದರು. ಕಾರ್ಖಾನೆ ತಿಂಡಿ ಇದ್ದಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ಎರಡು ವಾರಕ್ಕೆ ಒಂದು ಕಿಲೋ ಹತ್ತಿರ ಏರಿದರು. ಮನಸ್ಸಿನ ಗಟ್ಟಿತನ ಎರಡು ವಾರದಲ್ಲಿ ಬದಲಾಗಿರಲಿಲ್ಲ, ತಟ್ಟೆ ಬದಲಾಗಿತ್ತು. ಚಿಲಿ ದೇಶ 2016ರಿಂದ ಅಂಥ ಪ್ಯಾಕೆಟ್‌ಗಳ ಮುಖದ ಮೇಲೆ ಕಪ್ಪು ಅಷ್ಟಕೋನದ ಗುರುತು ಹಾಕಿಸುತ್ತೆ, ಓದೋಕೆ ಬಾರದ ಮಗುವಿಗೂ ಗೊತ್ತಾಗೋ ಹಾಗೆ. ನಮ್ಮಲ್ಲಿ 2025ರ ಸೆಪ್ಟೆಂಬರಿನಲ್ಲಿ ಬಿಸ್ಕತ್ತು, ಕುರುಕಲು ತಿಂಡಿಯ ಜಿಎಸ್‌ಟಿ ಶೇ. 5ಕ್ಕೆ ಇಳಿಸಿದರು. ಮನೆಯ ಖರ್ಚು ನೋಡಿದರೆ ಜನಕ್ಕೆ ಸಂತೋಷ, ನನಗೆ ಮಾತ್ರ ಆ ಹುಡುಗಿಯ ಕತ್ತು ನೆನಪಾಗುತ್ತೆ. ಅಂಗಡಿಯವರಿಗೆ ಹೇಳಿ, ಕಡಲೆಕಾಯಿ, ಬೇಯಿಸಿದ ಜೋಳ, ಬಾಳೆಹಣ್ಣು, ಸೀಬೆಕಾಯಿ ಇಡಲಿ. ಸರ್ಕಾರಿ ಶಾಲೆ ಮಕ್ಕಳಿಗೆ ಮೊಟ್ಟೆ, ಬಾಳೆಹಣ್ಣು ಕೊಡೋಕೆ ಆಗಿದೆ ಅಂದ ಮೇಲೆ ಗೇಟಿನ ಮುಂದೆ ಹಣ್ಣು ಮಾರೋಕೂ ಆಗುತ್ತೆ.

— ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡ್ತೀನಿ. ಆಟದ ಪೀರಿಯಡ್ಡೂ ಹತ್ತನೇ ತರಗತಿಗೆ ದಸರಾ ರಜೆ ಆದ ಮೇಲೆ ಗಣಿತಕ್ಕೆ ಹೋಗಿಬಿಡುತ್ತೆ. ಅದನ್ನೂ ಕೇಳ್ತೀನಿ.

— ಆಟದ ಪೀರಿಯಡ್ಡಿನಲ್ಲಿ ಹುಡುಗಿಯರು ಏನು ಮಾಡ್ತಾರೆ?

— ಹುಡುಗರು ಮೈದಾನ ತುಂಬಿಕೊಳ್ತಾರೆ. ಹುಡುಗಿಯರು ಮರದ ಕೆಳಗೆ ಕೂತಿರ್ತಾರೆ. ಏಳನೇ ತರಗತಿವರೆಗೆ ಓಡ್ತಾರೆ, ಆಮೇಲೆ ಏನಾಗುತ್ತೋ, ಕೂತುಬಿಡ್ತಾರೆ.

— ಆಮೇಲೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಮುಟ್ಟು ಶುರುವಾಗುತ್ತೆ, ಮೈದಾನದ ಹತ್ತಿರ ಶೌಚಾಲಯ ಇರಲ್ಲ, ದುಪಟ್ಟಾ ಹಾಕಿಕೊಂಡು ಓಡೋಕಾಗಲ್ಲ. ಅವರು ಕೂತುಬಿಡೋದು ಯಾಕೆ ಮುಖ್ಯ ಅಂತ ಹೇಳ್ತೀನಿ. ಮೈಸೂರಿನ ಆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲೇ 1997ರ ಸುಮಾರಿಗೆ ಇನ್ನೊಂದು ಅಧ್ಯಯನ ಶುರುವಾಯ್ತು, ಪಾರ್ಥೆನಾನ್ ಅಂತ ಹೆಸರು. ಗರ್ಭಿಣಿಯರನ್ನ ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನ ವರ್ಷಗಟ್ಟಲೆ ನೋಡಿಕೊಂಡು ಬಂದರು. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತು ಹತ್ತು ವರ್ಷಕ್ಕೇ ಕೊಬ್ಬು ಹೆಚ್ಚಿತ್ತು, ಇನ್ಸುಲಿನ್ ಏರಿತ್ತು. ಸೊರಗಿದ ತಾಯಿಯ ಮಗುವಿಗೂ ತೊಂದರೆ, ಸಕ್ಕರೆ ಏರಿದ ತಾಯಿಯ ಮಗುವಿಗೂ ತೊಂದರೆ. ಮರದ ಕೆಳಗೆ ಕೂತ ಆ ಹುಡುಗಿಯರೇ ಇನ್ನು ಹತ್ತು ವರ್ಷಕ್ಕೆ ನನ್ನ ಹತ್ತಿರ ಗರ್ಭಿಣಿಯರಾಗಿ ಬರೋದು. ಆಗ ನಾನು ಶುರು ಮಾಡೋದು ಬಹಳ ತಡ. ಅವರ ರಕ್ತದಲ್ಲಿ ಕಬ್ಬಿಣ ಇರಬೇಕು, ಮೈಯಲ್ಲಿ ಸ್ನಾಯು ಇರಬೇಕು, ಅದು ಈಗ ನಿಮ್ಮ ಮೈದಾನದಲ್ಲೇ ಆಗಬೇಕಾದ ಕೆಲಸ.

— ಏನೇನು ಬೇಕು ಹೇಳಿ. ಬರೆದುಕೊಳ್ತೀನಿ.

— ಮೈದಾನದ ಹತ್ತಿರ ನೀರಿರೋ ಶೌಚಾಲಯ. ಆಟದ ದಿನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬರೋಕೆ ಅನುಮತಿ. ಮೈದಾನದ ಅರ್ಧ ಭಾಗ ಹುಡುಗಿಯರಿಗೆ ಅಂತ ಗೆರೆ ಎಳೆದು ಕೊಡೋದು. ಆಡಿಸೋಕೆ ಒಬ್ಬ ಹೆಣ್ಣುಮಗಳು.

— ಶೌಚಾಲಯಕ್ಕೆ ಅನುದಾನ ಬರಬೇಕು, ಅದು ನನ್ನ ಕೈಲಿಲ್ಲ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇಡ್ತೀನಿ. ಪಿ.ಟಿ. ಮೇಡಂ ಹುದ್ದೆ ಖಾಲಿ ಇದೆ. ಹಿಂದಿ ಟೀಚರ್ ಕಾಲೇಜಿನಲ್ಲಿ ಥ್ರೋಬಾಲ್ ಆಡಿದವರು, ಕೇಳಿ ನೋಡ್ತೀನಿ. ಟ್ರ್ಯಾಕ್ ಪ್ಯಾಂಟ್ ಮತ್ತು ಮೈದಾನದ ಗೆರೆ ಈ ವಾರವೇ ಮಾಡಿಸಬಹುದು.